ಅಂಗಡಿಯಲ್ಲಿ ಕಂಡ ಜಾಕೀಟು

ಸಿಂಧನೂರಿನ ಕಸ್ತೂರೆಮ್ಮ ಮೊಬೈಲಿನಲ್ಲಿ ನೋಡಿದ ಶಾಲಿನ ಮಾದರಿಯನ್ನು ತನಗೆ ಬೇಕಾದಂತೆ ಬದಲಿಸಿ, ಕ್ರೋಶಾ ಕಡ್ಡಿಯಲ್ಲಿ ಜಾಕೀಟು ಹೆಣೆದಿದ್ದಳು. ಅಂಚಿನ ಜೋಳದ ತೆನೆ ಅವಳದೇ ಕಲ್ಪನೆ. ತಿಂಗಳೊಳಗೆ ಅಂಥದ್ದೇ ಜಾಕೀಟು ಲಿಂಗಸುಗೂರಿನ ಅಂಗಡಿಯೊಂದರಲ್ಲಿ ತೂಗಾಡುತ್ತಿತ್ತು. ಅವಳ ಮೈಯೆಲ್ಲ ಉರಿಯಿತು. ತಾನು ಹೆಣೆದದ್ದನ್ನು ನೋಡಿದ್ದ ಹೊರಗಿನವಳೆಂದರೆ ಹೆಣಿಕೆ ಕಲಿಯಲು ಬರುವ ಜಯಶ್ರೀ ಒಬ್ಬಳೇ. ಅಂಗಡಿಯ ಜಾಕೀಟನ್ನು ಕೊಂಡು, ಜಯಶ್ರೀಯ ಮನೆಗೇ ಹೋಗಿ ಅವಳ ಮುಂದೆ ಒಗೆದಳು.

“ಲೇ ಜಯಶ್ರೀ, ನನ್ನ ತೆನಿ ಕದ್ದೀ ಏನ?”

“ಇಲ್ರೀ ಅಕ್ಕಾರ, ನಿಮ್ಮಾಣಿ!” ಜಯಶ್ರೀ ಅದನ್ನು ಹೊರಳಿಸಿ ನೋಡಿದಳು. “ಹೆಣಿಕಿ ಎಲ್ಲಾ ಉಲ್ಟಾ ವಾಲ್ಯಾವ ನೋಡ್ರಿ. ಯಾರೋ ಎಡಗೈಯವ್ರು ಹೆಣದಾರ.”

ಕಸ್ತೂರೆಮ್ಮ ನಂಬಲಿಲ್ಲ. ಆದರೆ ಎಡಗೈ ಎಂದಾಗ ಮನೆಯಲ್ಲೇ ಒಬ್ಬಳು ಎಡಚಿ ಇರುವುದು ನೆನಪಾಯಿತು. ಮನೆಗೆ ಬಂದವಳೇ ಸದ್ದಿಲ್ಲದೆ ಸೊಸೆ ಭುವನೇಶ್ವರಿಯ ಕೋಣೆಗೆ ಇಣುಕಿದಳು. ಸೊಸೆಯ ಎಡಗೈಯಲ್ಲಿ ಕಡ್ಡಿ ಆಡುತ್ತಿತ್ತು. ಮಡಿಲಲ್ಲಿ ಅದೇ ತೆನೆ ಮೂಡುತ್ತಿತ್ತು.

“ನನಗ್ಯಾಕ ಹೇಳ್ಲಿಲ್ಲ?”

“ಎಡಗೈಲೆ ಕಡ್ಡಿ ಹಿಡದಾಗ ಕಸಗೊಂಡು ಒಗದಿದ್ರಲ್ಲಾ, ಅತ್ತಿ. ಹೇಳಾಕ ಅಂಜಿ, ನಿಮ್ಮದನ್ನ ನೋಡಿ ಹೆಣದು ಸುಮ್ನ ಅಂಗಡಿಗೆ ಕೊಟ್ಟೆ.”

ಕಸ್ತೂರೆಮ್ಮ ಹೆಣಿಕೆಯನ್ನು ಕೈಗೆತ್ತಿಕೊಂಡು ನೋಡಿದಳು. ಸೊಸೆಯ ತೆನೆ ತನ್ನದಕ್ಕಿಂತ ಒಪ್ಪವಾಗಿತ್ತು. ಅವಳ ಪಕ್ಕದಲ್ಲೇ ಕುಳಿತು ಜಯಶ್ರೀಗೆ ಫೋನು ಹಚ್ಚಿದಳು.

“ನಂದು ತಪ್ಪಾತವ್ವಾ. ನಾಳಿ ಬಾ, ಇಬ್ರೂ ಈಕಿ ಕಡೆ ಕಲಿಯೂಣು.”