ಜೊತೆಗೆ ಬರುವವರು

‘ಜೊತೆಗೆ ಬರುವವರು ಎಷ್ಟು ಮಂದಿ?’ ಎಂದು ಮೊಬೈಲಿನ ಅರ್ಜಿ ಕೇಳಿತು. ವಿಶಾಖಾ ಸೊನ್ನೆ ಒತ್ತಿ ಪಡಸಾಲೆಯತ್ತ ನೋಡಿದಳು. ಅಪ್ಪ ಮಚ್ಛೇಂದ್ರ ತೊಗರಿ ಹಸನು ಮಾಡುತ್ತ ಕೂತಿದ್ದ.

ಅವಳು ಎಂಬಿಎಗೆ ಅರ್ಜಿ ಹಾಕಿದ್ದ ಹೈದರಾಬಾದಿನ ಕಾಲೇಜು, ಸೇರುವ ಮೊದಲು ಒಮ್ಮೆ ಬಂದು ನೋಡಿ ಎಂದು ಕರೆದಿತ್ತು. ಬರಲೇಬೇಕೆಂದೇನೂ ಇರಲಿಲ್ಲ. ವಿಡಿಯೊ ಸಾಕು ಎಂದುಕೊಂಡಿದ್ದವಳನ್ನು ಬಿಡದೆ ಹೊರಡಿಸಿದವನೇ ಅಪ್ಪ.

"ವಿಡಿಯೊದಾಗ ನೋಡಿ ಯಾರರ ಮಗಳಿಗಿ ಕೊಡ್ತಾರೇನು?" ಎಂದಿದ್ದ. ಎಕಂಬಾದಲ್ಲಿ ಅವರ ಪೈಕಿ ಯಾರ ಮನೆಯ ಹುಡುಗಿಗೆ ಸಂಬಂಧ ಬಂದರೂ, ಹೇಳದೆ ಕೇಳದೆ ಗಂಡಿನ ಮನೆ ನೋಡಿ ಬರುವ ಕೆಲಸ ಅವನದೇ. "ನೀರ ನೋಡ್ಬೇಕು, ಸಂಡಾಸ ನೋಡ್ಬೇಕು, ಬಾಜೂದವರಿಗಿ ಕೇಳ್ಬೇಕು. ನಾನೂ ಬರ್ತೇನಿ," ಎಂದು ಈಗ ಮತ್ತೆ ಹೇಳಿದ.

"ತಾಯಿ ತಂದಿಗಿ ಒಳಗ ಬಿಡಂಗಿಲ್ಲಪ್ಪಾ," ಎಂದಳು ವಿಶಾಖಾ.

ಶುದ್ಧ ಸುಳ್ಳು. ಅಪ್ಪ ಅಲ್ಲಿ ಸಂಡಾಸದ ಬಾಗಿಲು ತೆರೆದು ಇಣುಕುವುದು, ಕಂಡ ಕಂಡವರಿಗೆಲ್ಲ ಗಟ್ಟಿಯಾಗಿ ‘ಜೈಭೀಮ’ ಎನ್ನುವುದು ಅವಳ ಕಣ್ಣಿಗೆ ಕಟ್ಟಿತ್ತು. ಮೊದಲನೆಯದಕ್ಕೆ ಯಾವ ಮಗಳಾದರೂ ನಾಚಿಕೊಂಡಾಳು. ಎರಡನೆಯದಕ್ಕೂ ನಾಚಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಒತ್ತಿದ್ದನ್ನು ತಿದ್ದಲಿಲ್ಲ.

"ದೊಡ್ಡ ಸಾಲಿ. ಕಾನೂನ ಇರ್ತಾವ," ಎಂದು ಮಚ್ಛೇಂದ್ರ ಮೊರ ಎತ್ತಿಕೊಂಡ. ಮಂಗಳವಾರ ಭಾಲ್ಕಿಯಲ್ಲಿ ಕೆಲಸವಿದೆಯೆಂದು ಬೆಳಿಗ್ಗೆಯೇ ಹೋದವನು ಕತ್ತಲಾದ ಮೇಲೆ ಬಂದ.

ಶನಿವಾರ ವಿಶಾಖಾ ಔರಾದದಿಂದ ಮೊದಲ ಬಸ್ಸು ಹಿಡಿದು ಹೋಗಿ, ಕಾಲೇಜಿನ ಗೇಟಿನಲ್ಲಿ ಆಧಾರ್ ಕಾರ್ಡು ಕೊಟ್ಟಳು. ಕಾವಲಿಗಿದ್ದ ಹುಸೇನ ಬೀದರ ಕಡೆಯವನೇ. ಅಪ್ಪನ ಹೆಸರು, ಊರ ಹೆಸರು ಓದಿ ಮುಖ ಎತ್ತಿದ.

"ಎಕಂಬಾದವರೇನ್ರಿ? ಮಂಗಳವಾರ ನಿಮ್ಮ ಅಪ್ಪ ಬಂದಿದ್ರಲ್ರಿ. ಈ ನಳದ ನೀರ ಕುಡದು ನೋಡಿದ್ರು. ಹುಡುಗೇರು ಸಂಜಿಮುಂದ ಅಂಜದ ಓಡಾಡ್ತಾರೇನಂತ ಆ ಚಾದಂಗಡಿಯವನಿಗಿ ಕೇಳಿದ್ರು. ಶನಿವಾರ ಮಗಳ ಜೋಡಿ ಬರ್ರಿ, ಎಲ್ಲರ ಅಪ್ಪ ಅವ್ವ ಬರ್ತಾರ ಅಂದೆ. ಗೇಟಿನಾಗಿಂದ ಒಮ್ಮಿ ಒಳಗ ನೋಡಿದ್ರು. ‘ಇಲ್ಲ, ನಮ್ಮ ಮಗಳು ಬ್ಯಾಡಂದಾಳ’ ಅಂತ ಹೇಳಿ ಹೋದ್ರು."

ವಿಶಾಖಾ ಪಕ್ಕಕ್ಕೆ ಸರಿದು ಅಪ್ಪನಿಗೆ ಫೋನು ಹಚ್ಚಿದಳು.

"ಅಪ್ಪಾ, ನಾ ಸುಳ್ಳ ಹೇಳಿದ್ದೆ."



"ನೀರ ಚಲೋ ಅವ," ಎಂದ ಮಚ್ಛೇಂದ್ರ. "ಮಂದೀನೂ ಚಲೋ ಅದಾರ. ಹೊರಗಿಂದು ನಾ ನೋಡೀನವ್ವ. ಒಳಗಿಂದು ನೀ ನೋಡ್ಕೊಂಡು ಬಾ."

ಅವನು ಇಟ್ಟ ಮೇಲೂ ವಿಶಾಖಾ ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದಳು. ಅವಳನ್ನು ದಾಟಿಕೊಂಡು ಅಪ್ಪಂದಿರು, ಅಮ್ಮಂದಿರು ಮಕ್ಕಳ ಹಿಂದೆ ಒಳಗೆ ಹೋಗುತ್ತಿದ್ದರು.