ಗಾಜಿನ ಚಾಕು ಬಿಟ್ಟ ಗೆರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಸುಳ್ಳಲ್ಲ. ಆದರೆ ಈ ಸಲ ಕೋಪ ಬಂದದ್ದು ನನ್ನ ಮೇಲೆಯೇ.

ನಾನು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ನಮ್ಮ ಹೃದಯದ ಡಾಕ್ಟರು ಒಂದು ಲೇಖನ ಬರೆಯುತ್ತಿದ್ದರು. ಹೃದಯದ ಜೀವಕೋಶ ತನ್ನೊಳಗೆ ಕೆಟ್ಟುಹೋದ ಭಾಗಗಳನ್ನು ಪುಟ್ಟ ಚೀಲಗಳಲ್ಲಿ ಕಟ್ಟಿ ತಾನೇ ಕರಗಿಸಿಕೊಳ್ಳುತ್ತದಂತೆ; ಆಟೋಫೇಜಿ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರ ಹೃದಯದಲ್ಲಿ ಈ ಮನೆಗೆಲಸ ಹದಗೆಡುತ್ತದೆ. ಇದರ ಬಗ್ಗೆ ಯಾರು, ಯಾವಾಗ, ಏನು ಬರೆದರು, ಸಂಶೋಧನೆ ಯಾವ ಕಡೆಗೆ ಹೊರಳುತ್ತಿದೆ ಎಂದು ಲೆಕ್ಕ ಹಾಕಿ ನಕ್ಷೆ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಒಟ್ಟು ಸಾವಿರದ ನೂರು ಲೇಖನ. ಪರದೆಯ ಮೇಲೆ ಒಂದೊಂದು ಲೇಖನವೂ ಒಂದೊಂದು ಚುಕ್ಕಿ. ಹೆಚ್ಚು ಜನ ಉಲ್ಲೇಖಿಸಿದ್ದರೆ ಚುಕ್ಕಿ ದಪ್ಪ.

ಇದನ್ನು ಹೇಳಿದ್ದೇ ತಡ, ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಇಪ್ಪತ್ತೆಂಟು ವರ್ಷ ಅದೇ ಕಾಲೇಜಿನ ಪ್ರಯೋಗಾಲಯದಲ್ಲಿದ್ದವಳು ಅವಳು. ಇಲಿಯ ಹೃದಯದ ಚೂರನ್ನು ಯಂತ್ರಕ್ಕೆ ಸಿಕ್ಕಿಸಿ, ಗಾಜಿನ ಚಾಕುವಿನಿಂದ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೊಯ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕೊಡುವುದು ಅವಳ ಕೆಲಸ. ಈಗ ಅವಳಿಗೇ ಸಕ್ಕರೆ ಕಾಯಿಲೆ. ಹೃದಯವೂ ಸೋತಿದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

"ನಮ್ಮ ಲ್ಯಾಬಿನ ದೊಡ್ಡ ಸಾರ್ ಬರೆದಿದ್ದು ಇದೆಯೇನೇ ಅದ್ರಲ್ಲಿ? ಸಕ್ಕರೆ ಇಲಿಗಳದ್ದು? ಮೂರು ವರ್ಷ ಕೊಯ್ದಿದ್ದೀನಿ ಕಣೇ ಅದಕ್ಕೆ."

ಮರುದಿನ ಹುಡುಕಿದೆ. ಸಿಗಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, ಹಿಂದೆ ಮುಂದೆ ನೋಡದೆ ಹೇಳಿಬಿಟ್ಟೆ.

"ಇಲ್ಲಮ್ಮ. ಎರಡು ಸಲ ನೋಡ್ದೆ. ಪಟ್ಟೀಲಿ ಇಲ್ಲ."

"ಹೋಗ್ಲಿ ಬಿಡು," ಎಂದಳು ಅಮ್ಮ. ಕುರ್ಚಿಗೆ ಒರಗಿ, "ಮೂರು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು," ಎಂದಳು.

ಆ ಸಂಜೆ ಅವಳು ರೇಡಿಯೋ ಹಾಕಲಿಲ್ಲ. ಮಾತ್ರೆಗಳನ್ನು ಕೊಟ್ಟರೆ ತಕರಾರಿಲ್ಲದೆ ನುಂಗಿದಳು. ಅಮ್ಮ ಜಗಳವಾಡದೆ ಮಾತ್ರೆ ನುಂಗಿದಳೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಮುಂದಿನ ಮೂರು ದಿನವೂ ಹಾಗೇ ನುಂಗಿದಳು. ನನಗೆ ಹೆದರಿಕೆಯಾಯಿತು.

ನಾಲ್ಕನೆಯ ದಿನ, ಎಲ್ಲ ಲೇಖನಗಳ ಕೊನೆಯಲ್ಲಿರುವ ಉಲ್ಲೇಖಗಳನ್ನು ಎಣಿಸುತ್ತಿದ್ದೆ. ಹೆಚ್ಚು ಸಲ ಉಲ್ಲೇಖವಾದವುಗಳಲ್ಲಿ ಒಂಬತ್ತನೆಯ ಸ್ಥಾನದಲ್ಲಿ ಎರಡೇ ಪುಟದ ಒಂದು ಹಳೆಯ ವರದಿ ಕಂಡಿತು. ಅರವತ್ತನಾಲ್ಕು ಜನ ಅದನ್ನು ಉಲ್ಲೇಖಿಸಿದ್ದರು. ಬರೆದವರು ಅಮ್ಮನ ದೊಡ್ಡ ಸಾರ್!

ಹಾಗಾದರೆ ನನ್ನ ಪಟ್ಟಿಯಿಂದ ಅದು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ, ನಾನೇ ಆಚೆ ತಳ್ಳಿದ್ದೆ. ಮೊದಲ ದಿನ ಪಟ್ಟಿ ಇಳಿಸಿಕೊಳ್ಳುವಾಗ, ಪೂರ್ಣ ಲೇಖನಗಳು ಮಾತ್ರ ಸಾಕು, ಪತ್ರಗಳೂ ಕಿರುವರದಿಗಳೂ ಬೇಡ ಎಂದು ಗುರುತು ಹಾಕಿದ್ದೆ. ನಮ್ಮ ಕಸುಬಿನವರೆಲ್ಲ ಯೋಚಿಸದೆ ಮಾಡುವ ಕೆಲಸ ಅದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ ಕೇಳಿ ನಕ್ಕಿದ್ದೆ. ನಾನು ಕೂಸನ್ನು ಹೊರಗೆ ಹಾಕಿ ಬಾಗಿಲನ್ನೂ ಹಾಕಿಕೊಂಡಿದ್ದೆ.

ಡಾಕ್ಟರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸೋಮವಾರ ಲೇಖನ ಕಳಿಸಬೇಕಿತ್ತು.

"ಎಲ್ಲಾ ಮತ್ತೆ ಮಾಡೋಕೆ ಎಷ್ಟು ದಿನ ಬೇಕು?"

"ಹತ್ತು ದಿನ ಸಾರ್. ತಪ್ಪು ನಂದೇ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮಾಡಮ್ಮ. ಬೇರನ್ನೇ ಬಿಟ್ಟು ಮರದ ಚಿತ್ರ ಬರೆದ್ರೆ ಓದಿದವರು ನಗ್ತಾರೆ. ನಾನು ಪತ್ರಿಕೆಯವರ ಹತ್ರ ಇನ್ನೊಂದಿಷ್ಟು ದಿನ ಕೇಳ್ಕೋತೀನಿ." ಕೂಗಾಡುತ್ತಾರೆ ಎಂದುಕೊಂಡು ಹೋಗಿದ್ದೆ. ಅವರ ಉಪಕಾರ ನಾನು ಮರೆಯುವುದಿಲ್ಲ.

ನೆಲಮಾಳಿಗೆಯ ಕಪಾಟಿನಲ್ಲಿ ಆ ವರ್ಷದ ಸಂಪುಟವಿತ್ತು. ಧೂಳು ಕೊಡವಿ ಎರಡು ಪುಟ ನಕಲು ಮಾಡಿಸಿದೆ. ಮೊದಲ ಪುಟದಲ್ಲಿ ಒಂದು ದೊಡ್ಡ ಚಿತ್ರ: ಹೃದಯದ ಜೀವಕೋಶ, ಅದರ ತುಂಬ ದುಂಡನೆಯ ಚೀಲಗಳು, ಮತ್ತು ಆ ಮೂಲೆಯಿಂದ ಈ ಮೂಲೆಗೆ ಒಂದು ನೇರ ಗೆರೆ. ಅಮ್ಮನ ಹೆಸರಿಗಾಗಿ ಕೊನೆಯ ಸಾಲಿನವರೆಗೂ ಓದಿದೆ. "ಪ್ರಯೋಗಾಲಯದ ಸಿಬ್ಬಂದಿಗೆ ವಂದನೆಗಳು" ಎಂದಿತ್ತು, ಅಷ್ಟೇ. ದಾರಿಯುದ್ದಕ್ಕೂ ಆ ದೊಡ್ಡ ಸಾರಿಗೆ ಮನಸ್ಸಿನಲ್ಲೇ ಮಂಗಳಾರತಿ ಮಾಡುತ್ತ ಮನೆಗೆ ಬಂದೆ.

"ಇದೆಯಮ್ಮ. ನಾನೇ ದಡ್ಡಿ, ಬಿಟ್ಟುಬಿಟ್ಟಿದ್ದೆ. ಅರವತ್ತನಾಲ್ಕು ಜನ ಇದನ್ನ ಓದಿ ಮುಂದೆ ಹೋಗಿದ್ದಾರೆ."

ಅಮ್ಮ ಅಕ್ಷರಗಳ ಕಡೆ ನೋಡಲೇ ಇಲ್ಲ. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಗೆರೆಯ ಮೇಲೆ ಬೆರಳಾಡಿಸಿದಳು.

"ಇದು ನಂದು."

"ಹೇಗೆ ಗೊತ್ತು?"

"ಆವತ್ತು ಚಾಕು ಒಂದು ಕಡೆ ಮುಕ್ಕಾಗಿತ್ತು. ನೀನು ಹೊಟ್ಟೇಲಿದ್ದೆ, ತಲೆ ಸುತ್ತುತ್ತಿತ್ತು, ನೋಡ್ಕೊಳ್ಳದೆ ಕೊಯ್ದುಬಿಟ್ಟೆ. ಗೆರೆ ಬಿತ್ತು. ಎಸೆಯೋಕೆ ಹೋದ್ರೆ ಸಾರ್ ಬಿಡ್ಲಿಲ್ಲ. ‘ಚೀಲಗಳು ಇಷ್ಟು ಚೆನ್ನಾಗಿ ಬೇರೆ ಯಾವುದ್ರಲ್ಲೂ ಕಾಣ್ಸಿಲ್ಲಮ್ಮ, ಗೆರೆ ಇದ್ರೆ ಇರ್ಲಿ’ ಅಂದ್ರು. ಬೇರೆಯವರಾಗಿದ್ರೆ ಮನೆಗೆ ಕಳಿಸ್ತಿದ್ರು. ಅವರ ಹೊಟ್ಟೆ ತಣ್ಣಗಿರ್ಲಿ."

ಆ ಕೆಲಸ ಹೋಗಿದ್ದರೆ ನನ್ನ ಓದೂ ಇಲ್ಲ, ಗ್ರಂಥಾಲಯವೂ ಇಲ್ಲ. ದಾರಿಯಲ್ಲಿ ಬೈದದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸ್ಸು ತೆಗೆದುಕೊಂಡೆ. ಆದರೂ ಕೇಳದೆ ಇರಲಾಗಲಿಲ್ಲ.

"ನಿನ್ನ ಹೆಸರು ಹಾಕಬಹುದಿತ್ತಲ್ಲಮ್ಮ?"

"ಹೆಸರ್ಯಾಕೆ? ಗೆರೆ ಇದೆಯಲ್ಲ," ಎಂದು ನಕ್ಕಳು. "ಅರವತ್ತನಾಲ್ಕು ಅಂದ್ಯಾ?"

"ಅರವತ್ತನಾಲ್ಕು."

ಅಮ್ಮ ರೇಡಿಯೋ ಹಾಕಿದಳು. ಸಂಜೆಯ ಮಾತ್ರೆ ಮುಂದಿಟ್ಟೆ. "ಈ ದಪ್ಪಂದು ಗಂಟಲಲ್ಲಿ ಇಳಿಯಲ್ಲ, ನಿಮ್ಮ ಡಾಕ್ಟರಿಗೇ ನುಂಗೋಕೆ ಹೇಳು," ಎಂದು ಶುರುಮಾಡಿದಳು. ಕಾಲು ಗಂಟೆ ಜಗಳವಾಡಿದೆವು. ಬೈಸಿಕೊಂಡು ಅಷ್ಟು ಸಂತೋಷವಾದದ್ದು ನನಗೆ ಅದೇ ಮೊದಲು.