ಹೊಸ ಕೆಂಪಿಗೆ ಹಳೇ ಅಳತೆ

ಮದ್ರಾಸಿನ ಎಗ್ಮೋರ್ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ದೋಸೆ ಹಿಟ್ಟು ರುಬ್ಬಿದವ ನಾನು, ಮೋನಪ್ಪ. ನನ್ನ ಮಗಳು ಪ್ರಣಮ್ಯಾ ಕಲಸುವುದು ಬಿಸಿಲಿಗಾಗಿ. ಹೌದು ಮಾರಾಯ್ರೆ! ಕೆಂಪು ಪ್ಲಾಸ್ಟಿಕ್ ಒಂದು, ಕಪ್ಪು ಪುಡಿ ಒಂದು. ಎರಡನ್ನೂ ಕರಗಿಸಿ ಗಾಜಿನ ಮೇಲೆ ತೆಳ್ಳಗೆ ಹರಡಿದರೆ ಬಿಸಿಲಿನಿಂದ ಕರೆಂಟು ಬರುತ್ತದಂತೆ. ಅದಕ್ಕೊಂದು ಪಿಎಚ್‌ಡಿ ಬೇರೆ.

ಕರೆಂಟು ಬರಲಿಲ್ಲ, ಅದೇ ತೊಂದರೆ. 2005ರ ಮೇ ತಿಂಗಳು. ಸೋಮವಾರ ಕಮಿಟಿ, ಅಷ್ಟರೊಳಗೆ ಕರೆಂಟು ತೋರಿಸದಿದ್ದರೆ ಸ್ಕಾಲರ್‌ಶಿಪ್ ಬಂದ್, ಓದೂ ಬಂದ್. ಹುಡುಗಿ ಊಟ ಬಿಟ್ಟಳು. ಶುಕ್ರವಾರ ಮಧ್ಯಾಹ್ನ ಟಿಫಿನ್ ಕ್ಯಾರಿಯರ್ ಹಿಡಿದು ಲ್ಯಾಬಿಗೇ ನುಗ್ಗಿದೆ.

ಕಾಲಿಗೆ ನೀಲಿ ಚೀಲ, ತಲೆಗೆ ಟೊಪ್ಪಿ ಹಾಕಿಸಿ ಒಳಗೆ ಬಿಟ್ಟರು. ಸೀಸೆಯೊಂದರ ಮುಚ್ಚಳ ತೆಗೆದು ಮೂಸಿದೆ. "ಥೂ, ಹಳಸಿದೆಯಲ್ಲ ಮಾರಾಯ್ತಿ!"

"ಅಪ್ಪಾ, ತೊಡಾದೀಂಗ!" ಅಂತ ಕಿರುಚಿ ಸೀಸೆ ಕಿತ್ತುಕೊಂಡಳು. ಸಿಟ್ಟು ಬಂದರೆ ಅವಳಿಗೆ ತಮಿಳೇ ಬರುವುದು.

"ಮುಟ್ಟುವುದಿಲ್ಲ. ಅಳತೆ ಎಷ್ಟು ಹೇಳು."

"ಒಂದು ಪಾಲು ಕೆಂಪು, ನಾಲ್ಕು ಪಾಲು ಕಪ್ಪು. ಸೀನಿಯರ್ ನೀರಜಾ ನೋಟ್‌ಬುಕ್‌ನಲ್ಲಿ ಹಾಗೇ ಇದೆ. ಅವಳಿಗೆ ಚೆನ್ನಾಗಿ ಬಂದಿತ್ತು."

"ಅವಳು ಹಾಕಿದ್ದೂ ಇದೇ ಕೆಂಪಾ?"

"ಇಲ್ಲ, ಅದು ಬೇರೆ. ಇದು ಹೊಸತು."

ನನ್ನ ತಲೆ ಕೆಟ್ಟಿತು. "ಎಂತ ಮಾರಾಯ್ತಿ! ಹೊಸ ಅಕ್ಕಿಗೆ ಹಳೇ ಅಳತೆಯಲ್ಲಿ ಉದ್ದು ಹಾಕುತ್ತಾರಾ? ಮೂಟೆ ಬದಲಾದರೆ ನಾನು ಐದು ಲೋಟದಲ್ಲಿ ಐದು ಅಳತೆ ಕಲಸಿ, ಒಂದೊಂದು ಪುಟ್ಟ ದೋಸೆ ಹುಯ್ದು ನೋಡದೆ ಹಂಡೆಗೆ ಕೈ ಹಾಕುವುದಿಲ್ಲ. ನನ್ನ ಮಗಳಾ ನೀನು?"

ಪ್ರಣಮ್ಯಾ ನನ್ನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಐದು ಸೀಸೆ ತೊಳೆದು ಐದು ಅಳತೆ ಕಲಸಿದಳು. ಭಾನುವಾರ ಎಲ್ಲವನ್ನೂ ಅಳೆದು ನೋಡಿದಳು. ಕಪ್ಪು ಜಾಸ್ತಿಯಾದಲ್ಲಿ ಕರೆಂಟು ಸತ್ತೇ ಹೋಗಿತ್ತು, ತೀರ ಕಮ್ಮಿಯಾದಲ್ಲೂ ಅದೇ ಕತೆ. ಎರಡನ್ನೂ ಸಮಸಮ ಹಾಕಿದ ಗಾಜಿನಲ್ಲಿ ಮಾತ್ರ ಅಂಕಿ ಸರಸರ ಏರಿತು.

ಸೋಮವಾರ ಸಂಜೆ ಹೋಟೆಲಿನ ರುಬ್ಬುವ ಕೋಣೆಗೆ ಓಡಿ ಬಂದು, ಹಿಟ್ಟು ಮೆತ್ತಿದ ನನ್ನನ್ನೇ ತಬ್ಬಿಕೊಂಡಳು. "ಅಪ್ಪಾ, ಇನ್ನೂ ಎರಡು ವರ್ಷ ಕೊಟ್ಟರು! ಮೂರು ಪರ್ಸೆಂಟ್ ಬಂತು! ಎಲ್ಲರೂ ಚಪ್ಪಾಳೆ ತಟ್ಟಿದರು!"

ಖುಷಿಗೆ ನನ್ನ ಕಣ್ಣು ತುಂಬಿತು. "ಮೂರು ಅಂದರೆ ಎಂತ?"

"ನೂರು ಪಾಲು ಬಿಸಿಲು ಬಿದ್ದರೆ ಮೂರು ಪಾಲು ಕರೆಂಟು."

"ಉಳಿದ ತೊಂಬತ್ತೇಳು?"

"ವೇಸ್ಟು."

ನೂರು ದೋಸೆಯಲ್ಲಿ ತೊಂಬತ್ತೇಳು ಕಾವಲಿಗೆ ಅಂಟಿದರೆ ನಮ್ಮ ಧಣಿ ನನ್ನನ್ನು ರೈಲು ಹತ್ತಿಸುವವರೆಗೂ ಅಟ್ಟಿಸಿಕೊಂಡು ಬರುತ್ತಿದ್ದರು. ನಾನು ಕಣ್ಣೊರೆಸಿಕೊಂಡೆ.

"ಆ ಕಮಿಟಿಯವರನ್ನು ಒಮ್ಮೆ ಕರಕೊಂಡು ಬಾ ಮಗಾ," ಅಂದೆ. "ಇಂಥ ದೊಡ್ಡ ಮನಸ್ಸಿನವರಿಗೆ ಮಸಾಲೆದೋಸೆ ನಾನೇ ಹುಯ್ದು ಕೊಡಬೇಕು."